ಇಂಗ್ಲೆಂಡಿನ ಲಾಯಕ್ಕೆ ಕೊಟ್ಟೂರಿನ ಆಯ

ನಾನು ಇಂಗ್ಲೆಂಡ್ ನೋಡಿಲ್ಲ. ನೋಡುವ ಯೋಗವೂ ಕಾಣುವುದಿಲ್ಲ; ಹೊಸಪೇಟೆಗೆ ಹೋಗಿ ಬಂದರೇ ನನಗೆ ಸೊಂಟ ಹಿಡಿಯುತ್ತದೆ. ಆದರೆ ಅಲ್ಲಿನ ಹಳ್ಳಿಗಾಡಿನ ಒಂದು ದೊಡ್ಡಮನೆಯಲ್ಲಿ ಕುದುರೆಗಳು ಎಲ್ಲಿ ನಿಲ್ಲುತ್ತಿದ್ದವು, ಸಾರೋಟು ಎಲ್ಲಿ ಇಡುತ್ತಿದ್ದರು, ಬಟ್ಟೆ ಒಗೆಯುವ ಹೆಂಗಸರು ಯಾವ ಬಾಗಿಲಿಂದ ಒಳಗೆ ಹೋಗುತ್ತಿದ್ದರು ಎಂಬುದೆಲ್ಲ ಇವತ್ತಿಗೂ ಬಾಯಿಪಾಠ. ದೊಡ್ಡಮನೆ ಹೇಗಿತ್ತು ಅಂತ ಮಾತ್ರ ಕೇಳಬೇಡಿ. ಅದರ ನಕ್ಷೆ ಬೇರೆ ಯಾರಿಗೋ ಹೋಗಿತ್ತು. ನಮ್ಮ ಪಾಲಿಗೆ ಬಂದದ್ದು ಹಿತ್ತಲು.

ನನ್ನ ತವರು ಕಾನಹೊಸಹಳ್ಳಿ. ದಾವಣಗೆರೆಯ ಐ.ಟಿ.ಐ.ಯಲ್ಲಿ ಮನೆ ನಕ್ಷೆ ಬರೆಯುವ ಕೋರ್ಸ್ ಓದಿದೆ. ಕ್ಲಾಸಿನಲ್ಲಿ ಹುಡುಗಿಯರು ಅಂತ ಇದ್ದದ್ದು ನಾನು ಮತ್ತು ನನ್ನ ಗೆಳತಿ ಇಬ್ಬರೇ. ಓದಿದ್ದು ಯಾವ ಉಪಯೋಗಕ್ಕೆ ಅಂತ ಅಪ್ಪ ಚಿಂತೆ ಮಾಡುತ್ತಿದ್ದಾಗ ಕೊಟ್ಟೂರಿನಿಂದ ಸಂಬಂಧ ಬಂತು. ಹುಡುಗನಿಗೆ ಬೀಜ ಗೊಬ್ಬರದ ಅಂಗಡಿ. ಹುಡುಗನ ಅಪ್ಪ ಮಾತ್ರ ಮನೆಯ ಮುಂದಿನ ಕೋಣೆಯಲ್ಲೇ ಪ್ಲಾನ್ ಆಫೀಸು ಇಟ್ಟುಕೊಂಡವರು. ಅಂದರೆ ನನ್ನ ಓದು ಹೊಂದಿದ್ದು ಗಂಡನಿಗಲ್ಲ, ಮಾವನಿಗೆ. ಹೀಗೆ ಲಗ್ನವಾದವರು ತಾಲ್ಲೂಕಿನಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಮಾವನಿಗೆ ಆ ಸೀಮೆಯಲ್ಲಿ ಹೆಸರಿತ್ತು. ಹಗರಿಬೊಮ್ಮನಹಳ್ಳಿ, ಹಡಗಲಿ, ಕೂಡ್ಲಿಗಿಯ ಕಡೆಯಿಂದಲೂ ಮನೆ ಕಟ್ಟುವವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ನಕ್ಷೆ ಚೆಂದ ಬರೆಯುತ್ತಾರೆ ಅಂತ ಬರುತ್ತಿರಲಿಲ್ಲ. ಆಯ ಕೂಡಿಸಿ ಕೊಡುತ್ತಾರೆ ಅಂತ ಬರುತ್ತಿದ್ದರು. ಆಯ ಅಂದರೆ ಇಷ್ಟೇ: ಕೋಣೆಯ ಉದ್ದ ಅಗಲವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು ಎಂಟರಿಂದ ಭಾಗಿಸಿ, ಏನು ಉಳಿಯಿತು ಅಂತ ನೋಡುವುದು. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ. ಇವು ಒಳ್ಳೆಯವು. ಸರಿಸಂಖ್ಯೆ ಉಳಿದರೆ ಅಥವಾ ಏನೂ ಉಳಿಯದಿದ್ದರೆ ಹೊಗೆ, ನಾಯಿ, ಕತ್ತೆ, ಕಾಗೆ. ಇವು ಆ ಮನೆಯವರನ್ನು ಸುಮ್ಮನೆ ಬಾಳಗೊಡುವುದಿಲ್ಲ. ಮಾವ ಅಳತೆ ನೋಡಿ ತುಟಿ ಅಲ್ಲಾಡಿಸುತ್ತಿದ್ದರು. ಇಲ್ಲಿ ಎರಡಿಂಚು ತೆಗೆದು ಅಲ್ಲಿ ಮೂರಿಂಚು ಸೇರಿಸಿ, ಅಡುಗೆಮನೆಗೊಂದು ಧ್ವಜ, ಪಡಸಾಲೆಗೊಂದು ಸಿಂಹ ಕೂಡಿಸಿಬಿಡುತ್ತಿದ್ದರು. ಕೇಳಲಿ ಬಿಡಲಿ, ಅವರ ಕೈಯಿಂದ ಹೋಗುವ ಪ್ರತಿ ನಕ್ಷೆಗೂ ಈ ಉಪಚಾರ ಆಗಲೇಬೇಕು. ಐ.ಟಿ.ಐ.ಯಲ್ಲಿ ಇದನ್ನು ಕಲಿಸಿರಲಿಲ್ಲ. ನಾನು ಮಾವನ ಹಿಂದೆ ನಿಂತು ಕಲಿತೆ. ನಂಬಿದೆನೋ ಇಲ್ಲವೋ ಗೊತ್ತಿಲ್ಲ. ನನ್ನಂಥ ಅಂಜುಬುರುಕಿಗೆ ನಂಬದೇ ಇರುವಷ್ಟು ಧೈರ್ಯ ಎಲ್ಲಿಂದ ಬರಬೇಕು?

ಎರಡು ಸಾವಿರದ ಇಸವಿ ದಾಟಿದ ಮೇಲೆ ದಾವಣಗೆರೆಯಿಂದ ಒಂದು ಹಳೇ ಕಂಪ್ಯೂಟರ್ ತಂದೆವು. ಅದರೊಂದಿಗೆ ಒಂದು ಸಂಕಟವೂ ಬಂತು. ನಮ್ಮ ಮನೆಯಲ್ಲಿ ಸೊಸೆಯಾದವಳು ಮಾವನ ಎದುರಿಗೆ ಕುರ್ಚಿಯ ಮೇಲೆ ಕೂರುವಂತಿಲ್ಲ. ಕಾಗದದ ಮೇಲೆ ನಕ್ಷೆ ಬರೆಯುವಾಗ ಇದು ತೊಂದರೆಯಾಗಿರಲಿಲ್ಲ. ಬೋರ್ಡಿನ ಮುಂದೆ ನಿಂತೇ ಬರೆಯುತ್ತಿದ್ದೆ. ಕಂಪ್ಯೂಟರಿನ ಮುಂದೆ ದಿನವಿಡೀ ನಿಲ್ಲಲು ಆಗುತ್ತದೆಯೇ? ಮಾವ ತಾವೇ ಒಂದು ದಾರಿ ಕಂಡುಕೊಂಡರು. ತಮ್ಮ ಡ್ರಾಯಿಂಗ್ ಬೋರ್ಡನ್ನು ಒಂದು ಗೋಡೆಗೆ, ನನ್ನ ಕಂಪ್ಯೂಟರನ್ನು ಎದುರು ಗೋಡೆಗೆ ಹಾಕಿಸಿದರು. ಅವರು ಬೋರ್ಡಿನ ಕಡೆ ಮುಖ ಮಾಡಿ ನಿಂತು ಅಳತೆಗಳನ್ನು ಓದುವುದು, ನಾನು ಈ ಕಡೆ ಮುಖ ಮಾಡಿ ಕೂತು ಒತ್ತುತ್ತಾ ಹೋಗುವುದು. ಬೆನ್ನಿಗೆ ಬೆನ್ನು. ಅವರು ನಾನು ಕೂತದ್ದನ್ನು ನೋಡಲಿಲ್ಲ, ನಾನು ಅವರ ಮುಂದೆ ಕೂರಲಿಲ್ಲ. ಕರೆಂಟು ಕಂತಿನಲ್ಲಿ ಬರುತ್ತಿದ್ದ ಆ ಕಾಲಕ್ಕೆ ಇದು ಅನುಕೂಲವೂ ಆಯಿತು. ಒಬ್ಬರು ಓದಿದರೆ ಕೆಲಸ ಬೇಗ ಸಾಗುತ್ತಿತ್ತು. ಯು.ಪಿ.ಎಸ್. ಎಂಬ ಡಬ್ಬ ಕೀಂ ಕೀಂ ಎನ್ನುವುದರೊಳಗೆ ಒಂದು ಗೋಡೆ ಮುಗಿದಿರುತ್ತಿತ್ತು.

ಆದರೆ ಕೆಲಸವೇ ಕಡಿಮೆಯಾಗುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಹುಡುಗರು ಬಣ್ಣದ ಪ್ರಿಂಟು ಹಾಕಿ, ಮನೆಯ ಮುಂದೆ ಒಂದು ಕಾರು, ಎರಡು ತೆಂಗಿನ ಮರ ನಿಲ್ಲಿಸಿ ಕೊಡುತ್ತಿದ್ದರು. ನನ್ನ ಗಂಡ ಒಂದು ದಿನ ಊಟಕ್ಕೆ ಕೂತಾಗ ಸುದ್ದಿ ತೆಗೆದರು.

"ಮುಂದಿನ ಕೋಣಿ ಬಾಡಿಗಿಗೆ ಕೊಡ್ರಿ ಅಂತ ಮೊಬೈಲ್ ಅಂಗಡಿಯವ ಕೇಳಾಕತ್ಯಾನ. ರೋಡಿಗೆ ಐತಿ, ಚಲೋ ಜಾಗ. ಸುಮ್ನ ಖಾಲಿ ಇಟ್ಟು ಏನು ಮಾಡೋದು?"

"ಖಾಲಿ ಎಲ್ಲೈತ್ರಿ? ನಾನು ಅದೀನಲ್ಲ ಅಲ್ಲಿ," ಅಂದೆ.

"ನೀ ಒಳಗ ಇರು. ಬ್ಯಾಡ ಅಂದೋರು ಯಾರು?"

ಒಳಗೆ ಅಂದರೆ ಅಡುಗೆಮನೆ. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಆ ಮುಂದಿನ ಕೋಣೆ ಹೋದರೆ ಬೋರ್ಡು ಅಟ್ಟಕ್ಕೆ, ಕಂಪ್ಯೂಟರ್ ಯಾರದೋ ಪಾಲಿಗೆ. ನನ್ನ ಕೈಗೆ ಗೊತ್ತಿದ್ದ ಒಂದೇ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಮಾವ ಇನ್ನೊಂದು ಲೋಟ ಮಜ್ಜಿಗೆ ಹಾಕಿಸಿಕೊಂಡರು. ಕಡೆಗೆ ನಿರ್ಧಾರವಾದದ್ದು ಇಷ್ಟು: ತಿಂಗಳು ಮುಗಿಯುವುದರೊಳಗೆ ಕಾಯಂ ಕೆಲಸ ಅಂತ ಯಾವುದಾದರೂ ಸಿಕ್ಕರೆ ಕೋಣೆ ನಮ್ಮದು, ಇಲ್ಲದಿದ್ದರೆ ಮೊಬೈಲಿನವನದು.

ನಾನು ದಾವಣಗೆರೆಯ ಗೆಳತಿಗೆ ಫೋನ್ ಮಾಡಿದೆ. ಅವಳು ಅಲ್ಲಿ ನಾಲ್ಕಾರು ಕಂಪ್ಯೂಟರ್ ಇಟ್ಟುಕೊಂಡು, ಬೆಂಗಳೂರಿನ ಯಾವುದೋ ಕಂಪನಿಯಿಂದ ಹೊರದೇಶದ ಕೆಲಸ ತಂದು ಹಂಚುತ್ತಿದ್ದಳು.

"ಲೇ, ಸರಿಯಾದ ಟೈಮಿಗೆ ಮಾಡಿದೆ ನೋಡು. ಇಂಗ್ಲೆಂಡಿಂದು ಒಂದು ಕೆಲಸ ಐತೆ. ಜಾರ್ಜ್ ದೊರೆಗಳ ಕಾಲದ್ದಂತೆ, ದೊಡ್ಡ ಎಸ್ಟೇಟು. ಹಳೇ ಅಳತೆ ನಕ್ಷೆ ಅದಾವೆ, ಕಂಪ್ಯೂಟರಿಗೆ ಏರಿಸಿ ಕೊಡಬೇಕು ಅಷ್ಟೆ. ರಿಪೇರಿ ಮಾಡಿಸಿ ಹೋಟ್ಲು ಮಾಡ್ತಾರಂತೆ. ನಿನಗೆ ಲಾಯ, ಗೀಯ ಕೊಡ್ತೀನಿ. ಇದು ಪಾಸಾದ್ರೆ ವರ್ಷಪೂರ್ತಿ ಕೆಲಸ. ಮುಂದಿನ ಶನಿವಾರಕ್ಕೆ ಬೇಕು."

"ಇದ್ದದ್ದು ಇದ್ದಂಗ ಏರಿಸಿದ್ರ ಸಾಕಾ?"

"ಸಾಕು. ಬುದ್ಧಿ ಉಪಯೋಗಿಸಬ್ಯಾಡ ಕಣೇ. ಕೈ ಉಪಯೋಗಿಸು."

ಬಸ್ಸಿನಲ್ಲಿ ಹಾಳೆಗಳ ಸುರುಳಿ ಬಂತು. ಅದನ್ನು ಬೋರ್ಡಿನ ಮೇಲೆ ಬಿಡಿಸಿದಾಗ ಇಡೀ ಮನೆ ಸೇರಿತು. ಒಂದು ಉದ್ದನೆಯ ಅಂಗಳ. ಅದರ ಬಡಗಣ ಬದಿಗೆ ಒಂದೇ ಸಾಲಿನಲ್ಲಿ ಕುದುರೆ ಲಾಯ, ಸಾರೋಟಿನ ಮನೆ, ಬಟ್ಟೆ ಒಗೆಯುವ ಮನೆ. ಅಂಗಳದ ಆಚೆ ಬೇರೆಬೇರೆಯಾಗಿ ಎರಡು ದುಂಡನೆಯ ಕಟ್ಟಡ: ಒಂದು ಪಾರಿವಾಳ ಸಾಕುವ ಗೋಪುರ, ಇನ್ನೊಂದು ಚಳಿಗಾಲದ ಮಂಜುಗಡ್ಡೆಯನ್ನು ಬೇಸಿಗೆಗೆ ಕೂಡಿಡುವ ನೆಲಗುಂಡಿ. ಲಾಯದ ಬಾಗಿಲ ಮೇಲೆ ಕಮಾನು, ಕಮಾನಿನ ಮೇಲೆ ಗಡಿಯಾರ.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಗ್ಗಿ ನೋಡಿದರು. "ಏನಿದು ಗಡಿಯಾರ? ಕುದುರಿ ಟೈಮ್ ನೋಡ್ತಾವೇನು?"

"ಇದು ಬಟ್ಟಿ ಒಗಿಯೋ ಮನಿಯಂತ್ರಿ ಅತ್ತಿಯಾರ."

"ಬಟ್ಟಿ ಒಗಿಯಾಕ ಒಂದು ಮನಿ!" ಅತ್ತೆ ಹಿತ್ತಲ ಕಲ್ಲಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. "ನಮ್ಮ ಮನಿಗಿಂತ ದೊಡ್ಡದೈತಲ್ಲೇ. ಅಲ್ಲೇ ಹೋಗಿ ಬಾಡಿಗಿ ಇರೋಣು ನಡಿ."

ಮಾವ ನಗಲಿಲ್ಲ. ಅವರು ಭೂತಗನ್ನಡಿ ಹಿಡಿದು ಲಾಯದ ಅಳತೆಯ ಮೇಲೆ ಬಗ್ಗಿದ್ದರು. ತುಟಿ ಅಲ್ಲಾಡುತ್ತಿತ್ತು. ಅದನ್ನು ನಾನು ನೋಡಿದೆ. ಆದರೆ ಅವರ ತುಟಿ ಯಾವಾಗ ಅಲ್ಲಾಡುತ್ತಿರಲಿಲ್ಲ? ಮುಂಜಾನೆ ವಿಭೂತಿ ಹಚ್ಚಿಕೊಳ್ಳುವಾಗಲೂ ಅಲ್ಲಾಡುತ್ತಿತ್ತು.

ಕೆಲಸ ಶುರುವಾಯಿತು. ಬೆನ್ನ ಹಿಂದಿನಿಂದ ಮಾವನ ದನಿ: "ಲಾಯ. ಉದ್ದ ನಲವತ್ತೈದಡಿ. ಅಗಲ ಹದಿನೇಳು." ನಾನು ಒತ್ತಿದೆ. "ಸಾರೋಟಿಂದು. ಮೂವತ್ತೊಂದು. ಹತ್ತೊಂಬತ್ತು." ಒತ್ತಿದೆ. "ಬಟ್ಟಿ ಮನಿ. ಇಪ್ಪತ್ತೊಂದು, ಹದಿಮೂರು." ಗೋಡೆಯ ದಪ್ಪ, ಬಾಗಿಲು, ಕಿಟಕಿ, ಕುದುರೆಗಳ ನಡುವಿನ ಅಡ್ಡಗೋಡೆಗಳು. ಇಂಗ್ಲೆಂಡಿನವರು ಎಷ್ಟು ಅಚ್ಚುಕಟ್ಟಾದ ಜನ, ಒಂದು ಕೋಣೆಗೂ ಚಿಲ್ಲರೆ ಇಂಚು ಇಲ್ಲವಲ್ಲ ಅಂತ ನಾನು ಮನಸ್ಸಿನಲ್ಲೇ ಹೊಗಳಿದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಮೂರೂ ಕಟ್ಟಡಗಳನ್ನು ಸಾಲಾಗಿ ಕೂಡಿಸಿ, ಇಡೀ ಸಾಲಿನ ಉದ್ದಕ್ಕೆ ಹೋಲಿಸಿದೆ. ಏಳಿಂಚು ಹೆಚ್ಚು.

"ಮಾವಾರ, ಇಡೀ ಸಾಲಿಂದು ಇನ್ನೊಮ್ಮೆ ಹೇಳ್ರಿ."

ಹೇಳಿದರು. ಮೊದಲು ಹೇಳಿದ್ದೇ.

"ಲಾಯ?"

"ನಲವತ್ತೈದು. ಹೇಳೀನಲ್ಲ."

ಏಳಿಂಚು ಅಂದರೆ ನಿಮಗೆ ಏನೂ ಅನ್ನಿಸಲಿಕ್ಕಿಲ್ಲ. ನಕ್ಷೆಯಲ್ಲಿ ಅದು ಬಾಯಿ ತೆರೆದುಕೊಂಡು ಕೂತಿರುತ್ತದೆ. ಬಟ್ಟೆ ಮನೆಯ ಮೂಲೆ ಕಾಂಪೌಂಡ್ ಗೋಡೆಯೊಳಗೆ ನುಗ್ಗಿತ್ತು. ಮೊದಲು ನನ್ನ ಬೆರಳುಗಳ ಮೇಲೆ ಅನುಮಾನ ಪಟ್ಟೆ. ಎಲ್ಲ ಅಳಿಸಿ ಹೊಸದಾಗಿ ಬರೆದೆ. ಏಳಿಂಚು. ಕಂಪ್ಯೂಟರಿನ ಮೇಲೆ ಅನುಮಾನ ಪಟ್ಟೆ. ಗೆಳತಿಗೆ ಫೋನ್ ಮಾಡಿದರೆ, ಅದು ಆಫ್ ಆಗೈತಾ ನೋಡು, ಇದು ಆನ್ ಆಗೈತಾ ನೋಡು ಅಂದಳು. ಎಲ್ಲ ಆಫ್ ಮಾಡಿ ಆನ್ ಮಾಡಿದೆ. ಏಳಿಂಚು. ಕರೆಂಟು ಹೋಯಿತು, ಬಂತು, ಉಳಿಸದೇ ಇದ್ದ ಸಾರೋಟಿನ ಮನೆ ಹೋಯಿತು. ಮತ್ತೆ ಕಟ್ಟಿದೆ. ಏಳಿಂಚು ಮಾತ್ರ ನಿಷ್ಠೆಯಿಂದ ಇದ್ದಲ್ಲೇ ಇತ್ತು.

ಊಟ ಸೇರಲಿಲ್ಲ. ರೊಟ್ಟಿ ತಟ್ಟುವಾಗ ಕೂಡ ರೊಟ್ಟಿಯ ಅಂಚು ಎಷ್ಟು ಹೆಚ್ಚಾಗಿದೆ ಅಂತ ನೋಡುತ್ತಿದ್ದೆ. ಇಂಗ್ಲೆಂಡಿನವರು ಬೆಂಗಳೂರಿನವರನ್ನು ಬೈದು, ಅವರು ಗೆಳತಿಯನ್ನು ಬೈದು, ಗೆಳತಿ ನನ್ನನ್ನು ಬೈದು, ಕಡೆಗೆ ನಾನು ಬೈಯಲು ಯಾರೂ ಉಳಿಯದೇ ಇರುವ ದೃಶ್ಯ ಕಣ್ಣಿಗೆ ಕಟ್ಟುತ್ತಿತ್ತು. ಅತ್ತೆ ಕಂಪ್ಯೂಟರಿಗೆ ದೃಷ್ಟಿ ತಗುಲಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಮೊಬೈಲ್ ಅಂಗಡಿಯವನು ಇದೇ ಹೊತ್ತಿಗೆ ಟೇಪು ಹಿಡಿದು ಬಂದು ನನ್ನ ಕುರ್ಚಿಯ ಹಿಂದೆ ಕೌಂಟರಿಗೆ ಜಾಗ ಅಳೆದ.

"ನೀವು ಕುಂದ್ರಿ ಅಕ್ಕಾರ, ಏಳಬ್ಯಾಡ್ರಿ. ನಂದು ಬರೇ ಅಳತಿ," ಅಂದ.

ಅವನಿಗೆ ಅಳತೆ ಕೂಡಿ ಬಂತು. ಅದೂ ಹೊಟ್ಟೆ ಉರಿಸಿತು.

ಗುರುವಾರ ಮಾವ ಯಾರದೋ ಸೈಟು ನೋಡಲು ಹಗರಿಬೊಮ್ಮನಹಳ್ಳಿಗೆ ಹೋದರು. ಅಪರೂಪಕ್ಕೆ ಕರೆಂಟು ಇತ್ತು. ಓದುವವರು ಇಲ್ಲದ ಕಾರಣ ನಾನೇ ಎದ್ದು ಬೋರ್ಡಿನ ಹತ್ತಿರ ಹೋದೆ. ಸುರುಳಿ ಬಿಡಿಸಿದ ದಿನ ಕಮಾನು, ಗಡಿಯಾರ ನೋಡಿ ಬೆರಗಾಗಿದ್ದೆನೇ ಹೊರತು ಅಂಕಿಗಳನ್ನು ನೋಡಿರಲಿಲ್ಲ. ಅಂಕಿ ಮಾವನ ಇಲಾಖೆ. ಈಗ ನೋಡಿದೆ. ಲಾಯದ ಉದ್ದ ನಲವತ್ತನಾಲ್ಕು ಅಡಿ ಹತ್ತು ಇಂಚು. ಅಗಲ ಹದಿನೇಳು ಅಡಿ ಎರಡಿಂಚು.

ಸಾರೋಟಿನ ಮನೆ ಮೂವತ್ತಡಿ ಹತ್ತಿಂಚು. ಬಟ್ಟೆ ಮನೆ ಇಪ್ಪತ್ತಡಿ ಒಂಬತ್ತಿಂಚು. ಎರಡು, ಎರಡು, ಮೂರು. ನನ್ನ ಏಳಿಂಚು ಅಲ್ಲಿ ಸಾಲಾಗಿ ಕೂತಿತ್ತು.

ಮಾವನಿಗೆ ಕಣ್ಣು ಹೋಗಿದೆ! ನನ್ನ ತಲೆ ಕೂಡಲೇ ಮುಂದಕ್ಕೆ ಓಡಿತು: ಪೊರೆ, ಆಪರೇಷನ್ನು, ಹಸಿರು ಬಟ್ಟೆ, ಸ್ನಾನಕ್ಕೆ ಕೈ ಹಿಡಿದು ಕರೆದೊಯ್ಯುವುದು. ಪಾಪ, ಕಾಣದಿದ್ದರೂ ಹೇಳಿಕೊಳ್ಳದೆ ಅಂದಾಜಿನಲ್ಲಿ ಓದುತ್ತಿದ್ದಾರಲ್ಲ ಅಂತ ಕಣ್ಣಲ್ಲಿ ನೀರೂ ಬಂತು. ಹಾಗೇ ಮೂಗು ಒರೆಸಿಕೊಳ್ಳುತ್ತಾ ಪಾರಿವಾಳದ ಗೋಪುರ ನೋಡಿದೆ. ಮಾವ ಓದಿದ ಅದರ ಅಳತೆ ಸರಿಯಾಗಿತ್ತು. ಇಂಚಿನ ಚೂರು ಸಮೇತ. ಮಂಜುಗಡ್ಡೆಯ ಗುಂಡಿಯೂ ಸರಿ. ಅದರ ಅಂಕಿಗಳು ಇರುವೆಯಷ್ಟು ಸಣ್ಣವು. ಇರುವೆ ಕಾಣುವ ಕಣ್ಣಿಗೆ ಕುದುರೆ ಕಾಣುವುದಿಲ್ಲವೇ?

ದುಂಡಗಿನವು ಸರಿ. ಚೌಕದವು ತಪ್ಪು. ನಾನು ಬೋರ್ಡಿನ ಮುಂದೆ ಹಾಗೇ ನಿಂತೆ. ದುಂಡನೆಯ ಮನೆಗೆ ಉದ್ದ ಇಲ್ಲ, ಅಗಲ ಇಲ್ಲ. ಉದ್ದ ಅಗಲ ಇಲ್ಲದ ಮೇಲೆ...

ಕ್ಯಾಲ್ಕುಲೇಟರ್ ತೆಗೆದುಕೊಂಡೆ. ನಲವತ್ತೈದು ಹದಿನೇಳಲೆ ಏಳುನೂರ ಅರವತ್ತೈದು. ಎಂಟರಿಂದ ಭಾಗಿಸಿದರೆ ಉಳಿದದ್ದು ಐದು. ವೃಷಭಾಯ. ಬಟ್ಟೆ ಮನೆಗೆ ಧ್ವಜ ಹಾರಾಡುತ್ತಿತ್ತು.

ಬಂದಿದ್ದ ಕಣ್ಣೀರು ಅಲ್ಲೇ ಒಣಗಿತು.

ಸಂಜೆ ಮಾವ ಬಸ್ಸಿಳಿದು ಬಂದು, ಕಾಲು ತೊಳೆದು, ಚಹಾ ಕುಡಿಯುವವರೆಗೆ ಕಾದೆ. ಆಮೇಲೆ ಬಾಗಿಲಲ್ಲಿ ನಿಂತು ಕೇಳಿದೆ.

"ಮಾವಾರ, ಆ ಲಾಯ ಎಷ್ಟು ಉದ್ದ ಐತ್ರಿ?"

"ನಲವತ್ತೈದಡಿ."

"ಹಾಳ್ಯಾಗ ಎಷ್ಟು ಬರದಾರ್ರಿ?"

"ಹಾಳ್ಯಾಗ ನಲವತ್ನಾಕು ಹತ್ತಿಂಚು ಅಂತ ಬರದಾರ." ಕಿಂಚಿತ್ತೂ ಅಳುಕಿಲ್ಲ.

"ಮತ್ತ ನೀವು ನಲವತ್ತೈದು ಅಂದ್ರಿ?"

"ಕಂಡಿದ್ದು ಕಂಡಂಗ ಓದಾಕ ನಾನೇನು ಸಾಲಿ ಹುಡುಗನೇನವ್ವಾ? ಸರಿ ಮಾಡಿ ಹೇಳೀನಿ. ಅವ್ರು ಬರದ ಅಳತಿ ಯಾವ ಲೆಕ್ಕಕ್ಕೂ ಕೂಡಂಗಿಲ್ಲ. ಅಂಥಾದ್ರಾಗ ಕುದುರಿ ಹೆಂಗ ಬಾಳ್ಯಾವು?"

"ಆ ಕುದುರಿ ಎಲ್ಲಾ ಸತ್ತು ಎಷ್ಟೋ ವರ್ಷ ಆದವ್ರಿ!"

"ಅದನ್ನ ನಾ ಹೇಳಾಕತ್ತಿದ್ದು."

ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು. ನನಗೆ ನಗು ಬರಲಿಲ್ಲ.

"ಮಾವಾರ, ಅದು ಕಲ್ಲಿನ ಕಟ್ಟಡ. ಕಟ್ಟಿ ಇನ್ನೂರು ವರ್ಷ ಆಗೈತಿ. ನಾವು ಹೊಸಾದು ಕಟ್ಟಾಕತ್ತಿಲ್ಲ. ಇದ್ದದ್ದು ಇದ್ದಂಗ ಬರದು ಕೊಡಬೇಕು."

"ರಿಪೇರಿ ಮಾಡಸ್ತಾರ ಅಂತ ನೀನ ಹೇಳಿದಿಯಿಲ್ಲೋ? ಮಾಡಸೋದು ಹೆಂಗೂ ಮಾಡಸ್ತಾರ, ನಮ್ಮ ನಕ್ಷಿ ನೋಡಿ ಎರಡಿಂಚು ಸರಿ ಮಾಡಿಕೊಳ್ಳಲಿ. ಗೋಡಿ ಕೆರದರ ಆತು. ನಮ್ಮ ಕೈಯಿಂದ ಹೋದದ್ದು ಚಲೋ ಹೋಗಬೇಕವ್ವಾ. ಅವ್ರು ಕೇಳಲಿಲ್ಲಂತ ಕೆಟ್ಟದ್ದು ಕೊಡಾಕಾಗತೈತೇನು?"

"ಏಳಿಂಚು ಹೆಚ್ಚಾಗೈತಿ. ಅದನ್ನ ಎಲ್ಲಿ ಇಡ್ಲಿ ಹೇಳ್ರಿ."

"ಅಂಗಳದಾಗ ತಗೋ. ಅಂಗಳಕ್ಕ ಆಯ ಇಲ್ಲ."

ಅವರು ಮೋಸ ಮಾಡಿರಲಿಲ್ಲ, ಮರೆತಿರಲಿಲ್ಲ, ತಪ್ಪು ಓದಿರಲಿಲ್ಲ. ಕಾಣದ ದೇಶದ, ಹೆಸರು ಗೊತ್ತಿಲ್ಲದ ಮನೆಯವರಿಗೆ ಒಳ್ಳೆಯದಾಗಲಿ ಅಂತ ನಮ್ಮ ಕೋಣೆಯನ್ನು ಮುಳುಗಿಸುತ್ತಿದ್ದರು. ಶನಿವಾರ ಎರಡೇ ದಿನ ದೂರ ಇತ್ತು. ಅದಕ್ಕಿಂತ ದೊಡ್ಡ ಚಿಂತೆ ಬೇರೆ: ಅವರ ಬಾಯಿಂದ ಬಂದದ್ದರಲ್ಲಿ ಯಾವುದು ಓದಿದ್ದು, ಯಾವುದು ಸರಿ ಮಾಡಿದ್ದು? ಬಾಗಿಲು? ಕಿಟಕಿ? ಲಾಯ ಎರಡಿಂಚು ಸರಿದರೆ ಒಳಗಿನ ಅಡ್ಡಗೋಡೆಗಳೆಲ್ಲ ಸರಿಯಬೇಕು. ಎಲ್ಲ ಮೊದಲಿಂದ.

"ಆತು, ನಾಳಿ ಹಾಳ್ಯಾಗ ಇದ್ದಂಗ ಓದ್ರಿ ಮಾವಾರ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಂಥ ಅಳತಿ ನನ್ನ ಬಾಯಿಂದ ಹೇಳಸಬ್ಯಾಡ," ಅಂದರು. "ಇಷ್ಟು ವರ್ಷ ಹೇಳಿಲ್ಲ." ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತರು.

ಮರುದಿನ ನನ್ನ ಗಂಡನನ್ನು ಅಂಗಡಿಯಿಂದ ಎಳೆದು ತಂದು ಬೋರ್ಡಿನ ಮುಂದೆ ನಿಲ್ಲಿಸಿದೆ. ಗೊಬ್ಬರದ ಚೀಲದ ಮೇಲಿನ ಅಕ್ಷರ ಬಿಟ್ಟು ಬೇರೆ ಏನೂ ಓದದ ಮನುಷ್ಯ.

"ನಲವತ್ನಾಕು, ಒಂದು ಗೀಟು. ಹತ್ತು, ಎರಡು ಗೀಟು."

"ರೀ, ಒಂದು ಗೀಟು ಅಂದ್ರ ಅಡಿ, ಎರಡು ಗೀಟು ಅಂದ್ರ ಇಂಚು."

"ಅಡಿ ದೊಡ್ಡದಲ್ಲ? ದೊಡ್ಡದಕ್ಕ ಎರಡು ಗೀಟು ಇರಬೇಕು."

"ಇಂಗ್ಲೆಂಡಿನೋರಿಗೆ ಹೇಳ್ರಿ!"

"ಸಿಟ್ಟು ಯಾಕ ಮಾಡ್ತಿ? ಕಿಟಕಿ, ಮೂರು... ಅಲ್ಲ, ಎಂಟು... ಇದೇನು ಮೂರೋ ಎಂಟೋ?"

"ಮೂರಡಿ ಎಂಟಿಂಚು!" ಹೊರಗಿನ ಕಟ್ಟೆಯಿಂದ ಮಾವನ ದನಿ ಬಂತು. ನಾವಿಬ್ಬರೂ ತಿರುಗಿ ನೋಡಿದೆವು. ಅವರು ರಸ್ತೆಯ ಕಡೆ ಮುಖ ಮಾಡಿ ಕೂತೇ ಇದ್ದರು. "ಕಿಟಕಿಗೆ ಆಯ ಇಲ್ಲ," ಅಂದರು, ರಸ್ತೆಗೆ.

ಕರೆಂಟು ಇದ್ದಷ್ಟು ಹೊತ್ತು ಹೀಗೇ ನಡೆಯಿತು. ಗಂಡ ತಪ್ಪು ಓದುವುದು, ಹೊರಗಿನಿಂದ ಮಾವ ತಿದ್ದುವುದು. ಬಾಗಿಲು, ಕಿಟಕಿ, ಕಮಾನು, ಗಡಿಯಾರದ ಗೂಡು, ಎಲ್ಲ ಅವರಿಗೆ ನೆನಪಿತ್ತು. ಕೋಣೆಯ ಉದ್ದ ಅಗಲ ಬಂದರೆ ಮಾತ್ರ ಕಟ್ಟೆ ಮೌನ. ಅಲ್ಲಿ ನಾನೇ ಎದ್ದು ಹೋಗಿ, ನೋಡಿ, ಮತ್ತೆ ನೋಡಿ, ಬಂದು ಕೂತು ಒತ್ತಿ, ಸರಿ ಒತ್ತಿದೆನೇ ಅಂತ ಇನ್ನೊಮ್ಮೆ ಎದ್ದು ಹೋಗುತ್ತಿದ್ದೆ. ಶುಕ್ರವಾರ ಮಧ್ಯಾಹ್ನ ಹೋದ ಕರೆಂಟು ಬಂದದ್ದು ಶನಿವಾರ ಸಂಜೆ. ಎಲ್ಲೋ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತಂತೆ. ಗೆಳತಿಗೆ ಫೋನ್ ಮಾಡಿ, ಭಾನುವಾರ ನಡೆಯುತ್ತಾ ಅಂತ ಕೇಳಿದೆ. "ಬೇಗ ತಗೊಂಡು ಬಾರೇ," ಅಂದಳು. ನಡೆಯುತ್ತೆ ಅನ್ನಲಿಲ್ಲ. ಭಾನುವಾರ ರಾತ್ರಿ ಸಾಲು ಕಡೆಗೂ ಕೂಡಿತು, ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾಯಿ, ಕತ್ತೆ, ಕಾಗೆ ಎಲ್ಲ ತಂತಮ್ಮ ಜಾಗಕ್ಕೆ ಮರಳಿದ್ದವು.

ಫ್ಲಾಪಿಗೆ ಹಾಕಿಕೊಂಡೆ. ಒಂದು ಕೆಟ್ಟರೆ ಅಂತ ಇನ್ನೊಂದು. ಎರಡೂ ಕೆಟ್ಟರೆ ಅಂತ ಮತ್ತೊಂದು. ಹರಪನಹಳ್ಳಿ ದಾಟಿ ದಾವಣಗೆರೆ ಮುಟ್ಟುವವರೆಗೆ ಆ ಮೂರನ್ನೂ ಮಡಿಲಲ್ಲಿ ಹಸುಗೂಸಿನ ಹಾಗೆ ಹಿಡಿದು ಕೂತಿದ್ದೆ. ಉಚ್ಚಂಗಿದುರ್ಗಕ್ಕೆ ಹೊರಟ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿದ್ದಳು. ಅವಳ ಬುಟ್ಟಿಯ ತೆಂಗಿನಕಾಯಿ ತಾಗಿದರೆ ಇಂಗ್ಲೆಂಡ್ ಹಾಳಾಗುತ್ತದೆ ಅಂತ ಅವಳನ್ನು ಆಗಾಗ ಸರಿಯಲು ಹೇಳುತ್ತಿದ್ದೆ.

ಗೆಳತಿ ಫ್ಲಾಪಿ ಹಾಕಿ ನೋಡಿದಳು. ಅಲ್ಲಿಂದಲೇ ಬೆಂಗಳೂರಿಗೆ ಕಳಿಸಿದಳು. ಅವತ್ತು ಸೋಮವಾರ. ನಾನು ಚಹಾ ಕುಡಿದು, ಇನ್ನೊಂದು ಚಹಾ ಕುಡಿದು, ಗೋಡೆಯ ಮೇಲಿನ ಹಲ್ಲಿ ನೋಡುತ್ತಾ ಕೂತೆ. ಮಧ್ಯಾಹ್ನ ಫೋನ್ ಬಂತು. ಅವಳು ಅವರೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿ ಇಟ್ಟಳು.

"ಕೆಲಸ ಬಹಳ ಚೆನ್ನಾಗೈತೆ ಅಂದ್ರು ಕಣೇ. ಒಂದು ಅಳತೆನೂ ತಪ್ಪಿಲ್ಲಂತೆ."

"ಮತ್ತ?"

"ಶನಿವಾರ ಕೊಟ್ಟೋರಿಗೆ ಕೆಲಸ ಹಂಚಿಬಿಟ್ಟಾರೆ. ಈ ಹಾಳೆ ಇಟ್ಕೋತಾರೆ, ಆದ್ರೆ ಮುಂದಿಂದು ಇಲ್ಲ." ಫ್ಲಾಪಿ ಹೊರಗೆ ತೆಗೆಯುತ್ತಾ ಕೇಳಿದಳು, "ಯಾಕೆ ತಡ ಆಯ್ತೇ? ಇಷ್ಟು ಚಂದ ಮಾಡ್ತೀಯ."

ಕುದುರೆಗಳ ಆಯುಷ್ಯದ ಸಲುವಾಗಿ ಅಂತ ಹೇಗೆ ಹೇಳಲಿ? ಕರೆಂಟು ಅಂದೆ. ಅದೂ ಸುಳ್ಳಲ್ಲ.

ಮನೆಗೆ ಬಂದು ವಿಷಯ ಹೇಳಿದಾಗ ಗಂಡ ಏನೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಜಗಳ ಆಡಿ ಹಗುರಾಗುತ್ತಿದ್ದೆ. ಮಾವ ಊಟದ ತಾಟಿನ ಮುಂದೆ ಕೈ ತೊಳೆಯದೆ ಬಹಳ ಹೊತ್ತು ಕೂತಿದ್ದರು. ತುಟಿ ಅಲ್ಲಾಡಲಿಲ್ಲ.

ತಿಂಗಳು ಮುಗಿಯಿತು. ಮುಂದಿನ ಕೋಣೆಗೆ ಮೊಬೈಲ್ ಅಂಗಡಿ ಬಂತು. ಅವನು ಕೌಂಟರ್ ಹಾಕಿಸುವ ಮುಂಚೆ, "ಅಜ್ಜಾರ, ಸ್ವಲ್ಪ ಆಯ ನೋಡಿ ಹೇಳ್ರಿ," ಅಂತ ಮಾವನನ್ನೇ ಕರೆದ. ಮಾವ ಹೋಗಿ, ನೋಡಿ, ಅವನ ಕೌಂಟರನ್ನು ಮೂರಿಂಚು ಹಿಂದೆ ಸರಿಸಿ ಬಂದರು. ಅವನ ವ್ಯಾಪಾರ ಚೆನ್ನಾಗಿಯೇ ನಡೆಯಿತು. ನಾನು ಒಂದು ವಾರ ಮಾವನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದೆ.

ಬೋರ್ಡು ಅಟ್ಟ ಹತ್ತಿತ್ತು. ಕಂಪ್ಯೂಟರಿಗೆ ಹಳೇ ಸೀರೆ ಹೊದಿಸಿ ಜೋಳದ ಚೀಲಗಳ ಪಕ್ಕ ಇಟ್ಟಿದ್ದರು. ಒಂದು ಮುಂಜಾನೆ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ಮನೆ ಇಲ್ಲದ ಬರಿಯ ಕಲ್ಲಿನ ಮೇಲೆ. ಎದುರಿಗೆ ನಮ್ಮ ಕೊಟ್ಟಿಗೆ ಇತ್ತು. ಎಮ್ಮೆ ಮಾರಿದ ಮೇಲೆ ಅದರಲ್ಲಿ ಮುರಿದ ಮಂಚ, ಖಾಲಿ ಚೀಲ ಬಿಟ್ಟು ಬೇರೇನೂ ಇರಲಿಲ್ಲ. ಇಂಗ್ಲೆಂಡಿನವರು ಲಾಯವನ್ನು ಹೋಟೆಲ್ ಮಾಡುತ್ತಾರೆ, ನಾನು ಕೊಟ್ಟಿಗೆಯನ್ನು ಆಫೀಸು ಮಾಡಿದರೆ? ಒದ್ದೆ ಕೈ ಹಾಗೇ ಬಿಟ್ಟು ಎದ್ದೆ.

ಅತ್ತೆ, "ದನದ ಮನ್ಯಾಗ ಕುಂತು ಬರಿತಾಳಂತ, ಜನ ಏನಂದಾರು?" ಅಂದರು. ಗಂಡ, "ಅನ್ಲಿ ಬಿಡು, ರೋಡಿಗೆ ಕಾಣಂಗಿಲ್ಲ," ಅಂದರು. ಮಾವ ಒಳಗೆ ಹೋಗಿ ಟೇಪು ತಂದರು.

ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವರು. ಉದ್ದ ಹಿಡಿದೆವು, ಅಗಲ ಹಿಡಿದೆವು. ಹದಿನೆಂಟಡಿ, ಹನ್ನೊಂದಡಿ. ಅವರ ತುಟಿ ಅಲ್ಲಾಡಿತು, ನಿಂತಿತು. ನಾನು ಕಾದೆ. ಯಾವ ಗೋಡೆ ಕೆರೆಯಬೇಕು, ಎಲ್ಲಿ ಕಲ್ಲು ಕೂಡಿಸಬೇಕು, ಗಾರೆ ಕೆಲಸದ ಗೌಂಡಿ ಎಂದು ಬಿಡುವಾಗುತ್ತಾನೆ, ಅಷ್ಟರಲ್ಲಿ ಇನ್ಯಾರು ಈ ಜಾಗ ಕೇಳುತ್ತಾರೆ ಅಂತ ಆಗಲೇ ಲೆಕ್ಕ ಹಾಕತೊಡಗಿದ್ದೆ.

"ಏನು ಬಂತ್ರಿ ಮಾವಾರ?"

"ಬಂತು. ಚಲೋದ ಬಂತು." ಟೇಪನ್ನು ಸರ್ರೆಂದು ಸುತ್ತಿಕೊಂಡರು. "ಇದ್ದಂಗ ಇರಲಿ. ಏನೂ ಮುಟ್ಟಬ್ಯಾಡ. ನಾಳೇನ ಕರೆಂಟಿನೋನ್ನ ಕರಸು."

ಹದಿನೆಂಟು ಹನ್ನೊಂದಲೆ ನೂರ ತೊಂಬತ್ತೆಂಟು. ಎಂಟರಿಂದ ಭಾಗಿಸಿದರೆ ಉಳಿಯುವುದು ಆರು. ಕತ್ತೆ. ಕ್ಯಾಲ್ಕುಲೇಟರ್ ಬೇಕಾಗಲಿಲ್ಲ, ಅಷ್ಟು ಹೊತ್ತಿಗೆ ನನಗೂ ತುಟಿ ಅಲ್ಲಾಡಿಸಲು ಬರುತ್ತಿತ್ತು. ಅವರ ಕಡೆ ನೋಡದೆ ಮುರಿದ ಮಂಚವನ್ನು ಹೊರಗೆ ಎಳೆದೆ.

ಆಮೇಲೆ ಅಲ್ಲೇ ಕೂತು ಬರೆದೆ, ಇವತ್ತಿಗೂ ಅಲ್ಲೇ ಬರೆಯುತ್ತಿದ್ದೇನೆ. ಕೆಲಸ ಬಹಳ ಬಂತು ಅಂತಲ್ಲ. ಹೊಳಲಿನ ಕಡೆಯಿಂದ ಒಂದು, ಕೂಡ್ಲಿಗಿಯಿಂದ ಎರಡು, ಹೀಗೆ. ಕರೆಂಟು ಹೋದಾಗ, ಪ್ರಿಂಟರ್ ಹಾಳೆ ನುಂಗಿದಾಗ, ಗಿರಾಕಿ ಹತ್ತನೇ ಸಲ ಅಡುಗೆಮನೆ ಬದಲಿಸಿದಾಗ, ಎಲ್ಲ ಆ ಕತ್ತೆಯ ಕಾಟ ಅಂತ ಹಲ್ಲು ಕಡಿಯುತ್ತೇನೆ. ಮಾವ ಇದ್ದಷ್ಟು ದಿನ ಒಂದು ಸ್ಟೂಲು ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಕೊಟ್ಟಿಗೆಯಲ್ಲಿ ಎದುರುಬದುರು ಗೋಡೆಗೆ ಹಾಕುವಷ್ಟು ಬೆಳಕಿರಲಿಲ್ಲ, ಇದ್ದ ಒಂದೇ ಕಿಟಕಿಯ ಕಡೆ ಇಬ್ಬರೂ ಮುಖ ಮಾಡಬೇಕಾಗಿತ್ತು. ನಾನು ಕುರ್ಚಿಯ ಮೇಲೆ ಕೂತದ್ದು ಅವರಿಗೆ ಆಗ ಕಾಣುತ್ತಿತ್ತೋ ಇಲ್ಲವೋ, ಕೇಳಲಿಲ್ಲ.

ಒಮ್ಮೆ ಕೂಡ್ಲಿಗಿಯ ಗಿರಾಕಿಯೊಬ್ಬ ತನ್ನ ಮನೆಯ ಆಯವನ್ನೆಲ್ಲ ಕೂಡಿಸಿಕೊಂಡು, ಏಳುವಾಗ ಸುತ್ತ ನೋಡಿ ಕೇಳಿದ.

"ಅಜ್ಜಾರ, ನಿಮ್ಮ ಆಫೀಸಿಂದು ಯಾವ ಆಯ ಬಂದೈತ್ರಿ?"

ನನ್ನ ಕೈ ಕೀಲಿಮಣೆಯ ಮೇಲೆ ನಿಂತಿತು.

ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇದು ಕೊಟ್ಟಿಗಿ ಐತಿ," ಅಂದರು. "ಕೊಟ್ಟಿಗಿಗೆ ಯಾರರ ಆಯ ನೋಡ್ತಾರೇನು?"